ಪಿತ್ತಕೋಶದ ಶಸ್ತ್ರಚಿಕಿತ್ಸೆ: ಕ್ಯಾಮೆರಾ ಹಿಡಿಯುವವರು ಯಾರು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನದು ಉರ್ದು, ಕನ್ನಡ ಕಲಿಸುವ ಕೆಲಸ. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇದನ್ನು ಆಯ್ದುಕೊಳ್ಳಲು ಕಾರಣವಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮ್ಮ ಮನೆಗಳಲ್ಲಿ 'ಪಿತ್ತೆ ಮೆ ಪಥರಿ' ಎಂದು ಸ್ಕ್ಯಾನಿಂಗ್ ವರದಿ ಬಂದೊಡನೆ ಚರ್ಚೆ ಶುರುವಾಗುತ್ತದೆ: ಬಾಗಲಕೋಟೆಗೋ, ಬೆಳಗಾವಿಗೋ, ಮಿರಜಕ್ಕೋ? ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಸಾಲ ಮಾಡಿಯಾದರೂ ರೋಬೋಟ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕೇ? (ಕಲ್ಲಿದ್ದರೂ ಯಾವ ತೊಂದರೆಯೂ ಇಲ್ಲದವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಡ ಎಂಬುದನ್ನು ಮೊದಲು ತಿಳಿದಿರಿ.)

ಪಿತ್ತಕೋಶವನ್ನು ಮೊದಲು ತೆಗೆದವರು ಬರ್ಲಿನ್ನಿನ ಲಾಂಗೆನ್‌ಬುಖ್, 1882ರಲ್ಲಿ. ನೂರು ವರ್ಷಗಳ ತರುವಾಯ, 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ ಹೊಟ್ಟೆ ಕೊಯ್ಯದೆ ಸಣ್ಣ ರಂಧ್ರದಿಂದ ತೆಗೆದು ತೋರಿಸಿದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಇದನ್ನು ಆರಂಭಿಸಿದರು.

ಕೆಲಸ ನಡೆಯುವ ಬಗೆ ಹೀಗಿದೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಉಬ್ಬಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ರಂಧ್ರ. ಹೊಕ್ಕುಳ ಬಳಿಯದರಲ್ಲಿ ಕ್ಯಾಮೆರಾ. ಒಬ್ಬರು ಪಿತ್ತಕೋಶವನ್ನು ಮೇಲಕ್ಕೆತ್ತಿ ಹಿಡಿಯುತ್ತಾರೆ. ವೈದ್ಯರು ಅದರ ನಾಳ ಮತ್ತು ರಕ್ತನಾಳವನ್ನು ಬಿಡಿಸಿ, ಕ್ಲಿಪ್ ಹಾಕಿ, ಕತ್ತರಿಸುತ್ತಾರೆ. ಇಲ್ಲೇ ಅಪಾಯ. ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳವನ್ನೇ ತಪ್ಪಾಗಿ ಕತ್ತರಿಸಿದರೆ ರೋಗಿಯ ಬದುಕೇ ಏರುಪೇರಾಗುತ್ತದೆ. ವೈದ್ಯರಿಗೆ ಕಾಣುವುದು ಪರದೆ ಮಾತ್ರ. ಪರದೆ ಓರೆಯಾದರೆ, ಮಸುಕಾದರೆ, ಅಲುಗಿದರೆ ಕೈ ನಿಲ್ಲಬೇಕು. ಹಾಗಾಗಿ ಕ್ಯಾಮೆರಾ ಹಿಡಿಯುವ ಸಹಾಯಕರ ಕೈಯೇ ವೈದ್ಯರ ಕಣ್ಣು.

ಬನಹಟ್ಟಿಯ ಮಗ್ಗದ ಮನೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನೇಯುವವನ ಹೆಸರು ಎಲ್ಲರಿಗೂ ಗೊತ್ತು, ಕಂಡಿಕೆ ಸುತ್ತಿಕೊಡುವವಳ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಆಕೆ ಕೂರದಿದ್ದರೆ ಲಾಳಿ ಓಡದು.

ಈ ಸಹಾಯಕರ ಬದಲು ಯಂತ್ರ ಬಂದಿತು. 1994ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 'ಈಸಾಪ್' ಎಂಬ ಯಾಂತ್ರಿಕ ತೋಳು ಕ್ಯಾಮೆರಾ ಹಿಡಿದು ನಿಂತಿತು, ಮುಂದೆ ವೈದ್ಯರ ಮಾತಿನ ಆಜ್ಞೆಯನ್ನೂ ಪಾಲಿಸಿತು. ಅದಕ್ಕೆ ಕೈ ಸೋಲುವುದಿಲ್ಲ, ಗಮನ ಬೇರೆಡೆ ಹೋಗುವುದಿಲ್ಲ. ಹಾಗಾದರೆ ರೋಗಿಗೆ ಲಾಭವಾಯಿತೇ? 2012ರಲ್ಲಿ ಕಾಕ್ರೇನ್ ಸಂಸ್ಥೆ 560 ರೋಗಿಗಳ 6 ಪ್ರಯೋಗಗಳನ್ನು ಪರಿಶೀಲಿಸಿತು. ತೊಡಕುಗಳಲ್ಲಾಗಲಿ, ಆಸ್ಪತ್ರೆಯಲ್ಲಿ ಉಳಿಯುವ ದಿನಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಪ್ರಯೋಗದಲ್ಲಂತೂ ಸುಮಾರು ಆರರಲ್ಲಿ ಒಂದು ಸಲ ಮನುಷ್ಯರನ್ನೇ ನಡುವೆ ಕರೆಯಬೇಕಾಯಿತು!

ಈಗಿನ ದೊಡ್ಡ ರೋಬೋಟ್‌ಗಳು ಬೇರೆ. ಅಲ್ಲಿ ವೈದ್ಯರು ದೂರ ಕುಳಿತು ತೋಳುಗಳನ್ನು ನಡೆಸುತ್ತಾರೆ. 2001ರಲ್ಲಿ ಡಾ. ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯ ಪಿತ್ತಕೋಶ ತೆಗೆದರು. ಆಗಲೂ ರೋಗಿಯ ಪಕ್ಕದಲ್ಲಿ ವೈದ್ಯರು ನಿಂತಿದ್ದರು. 2025ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಬೋಟ್, ವಿಡಿಯೋ ನೋಡಿ ಕಲಿತು, ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸುವ ಕೆಲಸವನ್ನು ತಾನೇ ಮಾಡಿತು. ಆದರೆ ಅದು ಸತ್ತ ಹಂದಿಗಳ ಅಂಗದ ಮೇಲೆ. ಅಲ್ಲಿ ರಕ್ತ ಚಿಮ್ಮುವುದಿಲ್ಲ, ಉಸಿರಾಟಕ್ಕೆ ಅಂಗ ಅಲುಗುವುದಿಲ್ಲ.

ಆದ್ದರಿಂದ ಸಾಮಾನ್ಯ ಪಿತ್ತಕೋಶದ ಕಲ್ಲಿಗಾಗಿ, ಬರೀ ರೋಬೋಟ್ ಹೆಸರು ಕೇಳಿ, ಸಾಲ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಹತ್ತಿರದ ವೈದ್ಯರನ್ನು ವಿನಯದಿಂದ ಕೇಳಿ: ಇಂಥವು ತಾವು ಎಷ್ಟು ಮಾಡಿದ್ದೀರಿ? ಜೊತೆಗೆ ಯಾರು ನಿಲ್ಲುತ್ತಾರೆ? ನಾಳ ಸ್ಪಷ್ಟವಾಗಿ ಕಾಣದಿದ್ದರೆ ಏನು ಮಾಡುತ್ತೀರಿ? 'ಹೊಟ್ಟೆ ತೆರೆಯುತ್ತೇವೆ' ಎಂದರೆ ಹೆದರಬೇಡಿ, ಅದು ಜಾಣ ಉತ್ತರ.

ಇನ್ನು ವಿದ್ಯಾರ್ಥಿಗಳೆ, ಆ ಸಹಾಯಕರ ಸ್ಥಾನ ಇನ್ನೂ ಖಾಲಿಯಾಗಿಲ್ಲ. ಆಪರೇಷನ್ ಥಿಯೇಟರ್ ತಂತ್ರಜ್ಞರ ಡಿಪ್ಲೊಮಾ ನಮ್ಮ ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯಲ್ಲಿದೆ, ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿದೆ. ವಿಜ್ಞಾನ ಓದುತ್ತಿರುವ ನಮ್ಮ ಹೆಣ್ಣುಮಕ್ಕಳ ತಂದೆ-ತಾಯಿಗಳು ಸಭೆ ಮುಗಿದ ಮೇಲೆ ಬಂದು ಕೇಳಿದರೆ ವಿವರ ಹೇಳುತ್ತೇನೆ.