ಉತ್ತರದ ಕೊನೆಯೂರಿನಲ್ಲಿ ನಮ್ಮ ಒಂದು ಸಂಸಾರ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಿಕೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ಹೊಸ ವರ್ಷದ ದಾಖಲಾತಿಯ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡಿದ್ದಾರೆ. ಈ ವಿಷಯ ಬಂದಾಗಲೆಲ್ಲ ತಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ. "ಟೀಚರೇ, ಮಕ್ಕಳು ನಾಳೆ ಯಾವ ಊರಿಗೆ ಹೋಗಿ ಬದುಕಬೇಕೋ ಏನೋ. ಕನ್ನಡದಲ್ಲಿ ಕಲಿತರೆ ಅಲ್ಲಿ ಎಂತ ಪ್ರಯೋಜನ?" ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಮಗುವಿನ ಹೊಟ್ಟೆಪಾಡಿನ ಚಿಂತೆ ಇರುವ ತಂದೆತಾಯಿ ಕೇಳಲೇಬೇಕಾದ ಪ್ರಶ್ನೆ. ಆದ್ದರಿಂದ ನಿಜವಾಗಿಯೂ ಬಹುದೂರ ಹೋಗಿ ನೆಲೆಸಿದ, ನಮ್ಮದೇ ಶಾಲೆಯ ಒಂದು ಸಂಸಾರದ ಅನುಭವವನ್ನು ಇಂದು ತಮ್ಮ ಮುಂದಿಡುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ.

ಆತ ಇದೇ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮುಂದೆ ಇಂಜಿನಿಯರಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲವು ವರ್ಷ ದುಡಿದ. 2022ರ ಆಗಸ್ಟಿನಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಸ್ವೀಡನ್ ದೇಶದ ಕಿರುನಾ ಎಂಬ ಊರಿಗೆ ಹೋದ. ಆಗ ಮಗಳಿಗೆ ಒಂಬತ್ತು ವರ್ಷ. ಅವಳು ನಮ್ಮಲ್ಲಿ ಮೂರನೆಯ ತರಗತಿ ಮುಗಿಸಿದ್ದಳು. ಮಗನಿಗೆ ನಾಲ್ಕು ವರ್ಷ. ಇನ್ನೂ ಅಕ್ಷರ ಕಲಿತಿರಲಿಲ್ಲ.

ಕಿರುನಾ ಸ್ವೀಡನ್ನಿನ ಅತ್ಯಂತ ಉತ್ತರದ ಪಟ್ಟಣ, ಉತ್ತರ ಧ್ರುವವೃತ್ತಕ್ಕಿಂತಲೂ ಸುಮಾರು 145 ಕಿ.ಮೀ. ಮೇಲಕ್ಕಿದೆ. ಕಿರುನಾ ನಗರಸಭೆಯ ವ್ಯಾಪ್ತಿ ಸುಮಾರು 20,000 ಚದರ ಕಿ.ಮೀ. ಎಂದರೆ ನಮ್ಮ ಕಾಸರಗೋಡಿನಂಥ ಹತ್ತು ಜಿಲ್ಲೆಗಳಷ್ಟು ಜಾಗ. ಅಲ್ಲಿರುವ ಜನ ಮಾತ್ರ ಸುಮಾರು 22,000. ಡಿಸೆಂಬರಿನ ಎರಡನೆಯ ವಾರದಿಂದ ಹೊಸ ವರ್ಷದವರೆಗೆ ಸೂರ್ಯ ಮೂಡುವುದೇ ಇಲ್ಲ. ಮೇ ತಿಂಗಳ ಕೊನೆಯಿಂದ ಜುಲೈ ಮಧ್ಯದವರೆಗೆ ಮುಳುಗುವುದಿಲ್ಲ. ಊರು ಹುಟ್ಟಿದ್ದು 1900ರಲ್ಲಿ, ಕಬ್ಬಿಣದ ಅದಿರಿಗಾಗಿ. ಇಂದು ಅಲ್ಲಿರುವುದು ಜಗತ್ತಿನ ಅತಿ ದೊಡ್ಡ ಭೂಗತ ಕಬ್ಬಿಣದ ಗಣಿ. ಅಲ್ಲೇ ಒಂದು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ ಇದೆ. 2008ರಲ್ಲಿ ನಮ್ಮ ಚಂದ್ರಯಾನ-1 ಹೊತ್ತೊಯ್ದ ಉಪಕರಣಗಳಲ್ಲಿ ಒಂದನ್ನು ನಮ್ಮ ವಿಜ್ಞಾನಿಗಳೊಂದಿಗೆ ಸೇರಿ ಅವರು ಸಿದ್ಧಪಡಿಸಿದ್ದರು.

ಇನ್ನೊಂದು ವಿಚಿತ್ರವನ್ನು ಕೇಳಿ. ಗಣಿ ಅಗೆದಂತೆ ಪಟ್ಟಣದ ಕೆಳಗಿನ ನೆಲ ಬಿರುಕು ಬಿಡುತ್ತಿರುವುದರಿಂದ ಊರನ್ನೇ ಸುಮಾರು 3 ಕಿ.ಮೀ. ಪೂರ್ವಕ್ಕೆ ಸ್ಥಳಾಂತರಿಸುತ್ತಿದ್ದಾರೆ. 2025ರ ಆಗಸ್ಟ್ 19 ಮತ್ತು 20ರಂದು, 1912ರಲ್ಲಿ ಕಟ್ಟಿದ ಮರದ ಇಗರ್ಜಿಯನ್ನು ಬಿಚ್ಚದೆ, ಇಡಿಯಾಗಿ ಚಕ್ರಗಳ ಮೇಲೆ ಕುಳ್ಳಿರಿಸಿ 5 ಕಿ.ಮೀ. ದೂರ ಸಾಗಿಸಿದರು. ಹಳೆಯ ಮನೆಗಳೆಷ್ಟೋ ನೆಲಸಮವಾದವು. ಇದನ್ನು ಮಾತ್ರ ಬಿಟ್ಟುಹೋಗಬಾರದು ಎಂದು ಊರು ತೀರ್ಮಾನಿಸಿತು. ಊರು ಬಿಟ್ಟು ಹೋಗುವ ಸಂಸಾರವೂ ಹೀಗೆಯೇ ಯಾವುದನ್ನು ಬಿಡುವುದು, ಯಾವುದನ್ನು ಒಯ್ಯುವುದು ಎಂದು ಯೋಚಿಸಬೇಕಾಗುತ್ತದೆ.

ನಮ್ಮವರು ಒಯ್ದದ್ದು ಎರಡು ಪೆಟ್ಟಿಗೆ ಬಟ್ಟೆ, ಒಂದಿಷ್ಟು ಕುಚ್ಚಲಕ್ಕಿ, ಉಪ್ಪಿನಕಾಯಿ ಮತ್ತು ಮಗಳ ಕನ್ನಡ ಪಾಠಪುಸ್ತಕಗಳು. ಹೋದ ಕೂಡಲೇ ತೆರಿಗೆ ಕಚೇರಿಯಲ್ಲಿ ಹೆಸರು ದಾಖಲಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಅದಿಲ್ಲದೆ ಅಲ್ಲಿ ಯಾವ ಕೆಲಸವೂ ಸಲೀಸಾಗಿ ಸಾಗದು. ಊರೇ ಜಾಗ ಬದಲಿಸುತ್ತಿರುವಾಗ ಬಾಡಿಗೆ ಮನೆಗೂ ತಾಪತ್ರಯ. ಮೊದಲ ಚಳಿಗಾಲದಲ್ಲಿ ಶೂನ್ಯಕ್ಕಿಂತ ಕೆಳಗೆ ಇಪ್ಪತ್ತೈದು ಡಿಗ್ರಿ ಚಳಿ. ಶಾಲೆಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ವಾಹನದವರಿಗೆ ಕಾಣಲೆಂದು ಮಕ್ಕಳ ಅಂಗಿಯ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಕಟ್ಟುತ್ತಾರೆ. ಆ ಚಳಿಯಲ್ಲೂ ಬಿಡುವಿನ ವೇಳೆಗೆ ಮಕ್ಕಳನ್ನು ಹಿಮದಲ್ಲಿ ಆಡಲು ಹೊರಗೆ ಬಿಡುತ್ತಾರೆ. "ಮೊದಲ ವಾರ ನಾನು ಕಿಟಕಿಯಲ್ಲಿ ನಿಂತು ಅತ್ತದ್ದೇ ಟೀಚರೇ, ಈಗ ಅವರೇ ಮನೆಯೊಳಗೆ ನಿಲ್ಲುವುದಿಲ್ಲ" ಎಂದು ಆ ತಾಯಿ ಫೋನಿನಲ್ಲಿ ಹೇಳಿದಳು. ಶಾಲೆಯಲ್ಲಿ ಶುಲ್ಕವಿಲ್ಲ, ಮಧ್ಯಾಹ್ನ ಬಿಸಿ ಊಟ ಉಚಿತ. ದೊಡ್ಡವರಿಗೂ ಸ್ವೀಡಿಷ್ ಕಲಿಸುವ ಉಚಿತ ತರಗತಿಗಳಿವೆ. ತಾಯಿ ಅದಕ್ಕೆ ಸೇರಿಕೊಂಡಳು.

ಈಗ ತಮ್ಮ ಪ್ರಶ್ನೆಗೆ ಬರುತ್ತೇನೆ. ಅಲ್ಲಿನ ಹೆಚ್ಚಿನವರಿಗೆ ಇಂಗ್ಲಿಷ್ ಬರುತ್ತದೆ, ತಂದೆಗೆ ಕಚೇರಿಯಲ್ಲಿ ಅದು ಸಾಕಾಯಿತು. ಆದರೆ ಶಾಲೆ, ಆಟ, ಅಂಗಡಿ, ನೆರೆಹೊರೆ ಎಲ್ಲ ಸ್ವೀಡಿಷ್. ಇಲ್ಲಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಹೋದ ಮಗುವಿಗೂ ಅಲ್ಲಿ ಅ ಆ ಇ ಈಯಿಂದಲೇ ಆರಂಭ. ಹಾಗಾದರೆ ಹೊಸ ಭಾಷೆಯನ್ನು ಬೇಗ ಹಿಡಿಯುವ ಮಗು ಯಾವುದು? ಯಾವುದಾದರೂ ಒಂದು ಭಾಷೆಯನ್ನು ಓದಿ, ಬರೆದು, ಅದರಲ್ಲಿ ಯೋಚಿಸಿ ಗಟ್ಟಿಮಾಡಿಕೊಂಡ ಮಗು. ಮಗಳು ಕನ್ನಡದಲ್ಲಿ ಕತೆ ಓದಿ ಅರ್ಥ ಹೇಳಬಲ್ಲವಳಾಗಿದ್ದಳು, ಗುಣಾಕಾರ ಗೊತ್ತಿತ್ತು. ಅವಳಿಗೆ ಹೊಸದಾಗಿ ಬೇಕಾದದ್ದು ಪದಗಳು ಮಾತ್ರ. ಎರಡು ವರ್ಷದಲ್ಲಿ ತರಗತಿಯವರ ಜೊತೆ ಸರಿಸಮನಾದಳು.

ಇದು ಒಬ್ಬ ಹುಡುಗಿಯ ಮಾತಷ್ಟೇ ಅಲ್ಲ. ಕೆಲಸ ಹುಡುಕಿಕೊಂಡು ಸ್ವೀಡನ್ನಿಗೆ ಬಂದ ಫಿನ್ಲೆಂಡಿನವರ ಮಕ್ಕಳನ್ನು ತೂವೆ ಸ್ಕುಟ್ನಬ್-ಕಾಂಗಾಸ್ ಮತ್ತು ಪೆರ್ಟ್ಟಿ ತೌಕೋಮಾ ಎಂಬ ವಿದ್ವಾಂಸರು ಅಭ್ಯಾಸ ಮಾಡಿ 1976ರಲ್ಲಿ ವರದಿ ಕೊಟ್ಟರು. ಹತ್ತು ವರ್ಷದ ಸುಮಾರಿಗೆ, ತಾಯ್ನುಡಿಯಲ್ಲಿ ಓದು ಬರಹ ಗಟ್ಟಿಯಾದ ಮೇಲೆ ಬಂದ ಮಕ್ಕಳು, ತೀರ ಎಳವೆಯಲ್ಲೇ ಬಂದವರಿಗಿಂತ ಸ್ವೀಡಿಷ್ ಭಾಷೆಯನ್ನೂ ಚೆನ್ನಾಗಿ ಕಲಿತರೆಂದು ಅವರು ಕಂಡುಕೊಂಡರು. ಬೇಗ ಹೋದಷ್ಟೂ ಒಳ್ಳೆಯದು ಎಂದು ನಾವು ತಿಳಿದಿರುತ್ತೇವೆ. ಬೇರು ಬಿಟ್ಟ ಗಿಡವನ್ನು ಕಿತ್ತು ನೆಟ್ಟರೆ ಚಿಗುರುತ್ತದೆ, ಬೇರು ಬಿಡದ್ದು ಬಾಡುತ್ತದೆ ಎಂಬುದು ಅಡಿಕೆ ಸಸಿ ನೆಡುವ ತಮಗೆ ನಾನು ಹೇಳಬೇಕಾದ ವಿಷಯವಲ್ಲ.

ಮಗನ ವಿಷಯವೇ ಬೇರೆ. ಅವನು ಆಟದ ಶಾಲೆಯಲ್ಲಿ ಸ್ವೀಡಿಷ್ ಹಿಡಿದುಕೊಂಡ. ಅಕ್ಕನ ಜೊತೆಗೂ ಅದನ್ನೇ ಆಡತೊಡಗಿದ. ತಾಯಿ ಕನ್ನಡದಲ್ಲಿ ಕೇಳಿದರೆ ಉತ್ತರ ಸ್ವೀಡಿಷ್‌ನಲ್ಲಿ. ಭಾನುವಾರ ಅಜ್ಜಿ ಇಲ್ಲಿಂದ ಫೋನ್ ಮಾಡಿದರೆ "ಹಾಯ್ ಅಜ್ಜಿ" ಎಂದು ಓಡಿಹೋಗುತ್ತಾನೆ. ಆ ಅಜ್ಜಿ ನನ್ನಲ್ಲಿ ಹೇಳಿದ ಮಾತು: "ಅವನಿಗೆ ನನ್ನ ಮೇಲೆ ಪ್ರೀತಿ ಉಂಟು ಟೀಚರೇ, ಮಾತು ಇಲ್ಲ ಅಷ್ಟೆ." ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ತಾಯಿ ಅವನನ್ನು ಗದರಿಸುವುದಿಲ್ಲ; ತಾನು ಮಾತ್ರ ಕನ್ನಡ ಬಿಡುವುದಿಲ್ಲ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅಕ್ಕ ಕನ್ನಡ ಪುಸ್ತಕ ಓದುತ್ತಾಳೆ, ತಮ್ಮ ಕೇಳುತ್ತಾನೆ. ಈಗ ಅಕ್ಷರ ಗುರುತಿಸುವವರೆಗೆ ಬಂದಿದ್ದಾನೆ. ಅಲ್ಲಿನ ಅಧ್ಯಾಪಿಕೆಯೂ ತಂದೆತಾಯಿಗೆ ಹೇಳಿದ್ದು ಇದನ್ನೇ: ಸ್ವೀಡಿಷ್ ನಾವು ಕಲಿಸುತ್ತೇವೆ, ಮನೆಯಲ್ಲಿ ನೀವು ನಿಮಗೆ ಚೆನ್ನಾಗಿ ಬರುವ ಭಾಷೆಯನ್ನೇ ಆಡಿ.

ಹಾಗಾದರೆ ಸರಕಾರ ಕನ್ನಡ ಪಾಠ ಕೊಡುವುದಿಲ್ಲವೇ ಎಂದು ತಾವು ಕೇಳಬಹುದು. ಸ್ವೀಡನ್ನಿನಲ್ಲಿ 1977ರಿಂದ ವಲಸೆ ಬಂದವರ ಮಕ್ಕಳಿಗೂ ತಾಯ್ನುಡಿಯ ಪಾಠ ಹೇಳಿಸುವ ಏರ್ಪಾಡಿದೆ. ಅದು ಯಾವ ಭಾಷೆಯೂ ಆಗಬಹುದು, ಕನ್ನಡವೂ. ಆದರೆ ಷರತ್ತುಗಳಿವೆ. ಆ ಭಾಷೆ ಮನೆಯಲ್ಲಿ ದಿನನಿತ್ಯ ಬಳಕೆಯಲ್ಲಿರಬೇಕು. ಮಗುವಿಗೆ ಅದು ಸ್ವಲ್ಪವಾದರೂ ಬರಬೇಕು. ಪಾಠ ಬೇಕೆಂದು ಕೇಳಬೇಕು. ಆ ನಗರಸಭೆಯ ವ್ಯಾಪ್ತಿಯಲ್ಲಿ ಕನಿಷ್ಠ ಐದು ಮಕ್ಕಳಿರಬೇಕು, ತಕ್ಕ ಅಧ್ಯಾಪಕರು ಸಿಗಬೇಕು. ಕಿರುನಾದಲ್ಲಿ ನಮ್ಮವರಿಗೆ ತಿಳಿದ ಕನ್ನಡದ ಮಕ್ಕಳು ಇವರಿಬ್ಬರೇ. ಇನ್ನು ಮೂವರು ಇಲ್ಲದ್ದರಿಂದ ಹಕ್ಕು ಕಾಗದದಲ್ಲೇ ಉಳಿಯಿತು.

ಆದರೆ ಅದೇ ಊರಿನಲ್ಲಿ ಐದರ ಲೆಕ್ಕವಿಲ್ಲದ ಭಾಷೆಗಳೂ ಇವೆ. ಹಿಮಸಾರಂಗ ಸಾಕುವ ಸಾಮಿ ಜನರ ಭಾಷೆ ಒಂದು. ಕಿರುನಾ ಎಂಬ ಹೆಸರು ಬಂದದ್ದೂ ಆ ಭಾಷೆಯಲ್ಲಿ ಒಂದು ಹಕ್ಕಿಗಿರುವ ಹೆಸರಿನಿಂದ. ಇನ್ನೊಂದು ಮೆಅನ್ಕಿಯೆಲಿ. ಹಾಗೆಂದರೆ 'ನಮ್ಮ ಭಾಷೆ' ಎಂದೇ ಅರ್ಥ. ಈ ಜನ ಎಲ್ಲಿಂದಲೂ ವಲಸೆ ಬಂದವರಲ್ಲ. 1809ರಲ್ಲಿ ಸ್ವೀಡನ್ ಯುದ್ಧದಲ್ಲಿ ಸೋತು ಫಿನ್ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಾಗ ತೋರ್ನೆ ನದಿಯ ಮೇಲೆ ಗಡಿ ಎಳೆದರು. ನದಿಯ ಈಚೆ ದಡದಲ್ಲಿದ್ದ ಫಿನ್ನಿಷ್ ನುಡಿಯವರು ಇದ್ದ ಮನೆಯಲ್ಲೇ ಅಲ್ಪಸಂಖ್ಯಾತರಾದರು. 1956ರ ನವೆಂಬರ್ 1ರಂದು ನಮ್ಮ ಹಿರಿಯರಿಗೆ ಆದದ್ದೂ ಇದೇ ಅಲ್ಲವೇ? ಅವರ ಮಕ್ಕಳು ಶಾಲೆಯಲ್ಲಿ ಮನೆಮಾತು ಆಡದಂತೆ ಬಹುಕಾಲ ತಡೆದರು, ಆಟದ ಬಯಲಿನಲ್ಲೂ ಬಿಡಲಿಲ್ಲ. ಮಕ್ಕಳಿಗೆ ಕಷ್ಟ ಬೇಡವೆಂದು ತಂದೆತಾಯಂದಿರೇ ಮನೆಯಲ್ಲಿ ಭಾಷೆ ನಿಲ್ಲಿಸಿದರು. 2000ದಲ್ಲಿ ಸ್ವೀಡನ್ ಐದು ಭಾಷೆಗಳನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಗಳೆಂದು ಒಪ್ಪಿತು, ಇವೆರಡೂ ಅವುಗಳಲ್ಲಿವೆ. ಈಗ ಒಂದೇ ಮಗು ಇದ್ದರೂ ಪಾಠ ಕೇಳಬಹುದು. ಆದರೆ ಕಲಿಸುವ ಅಧ್ಯಾಪಕರನ್ನು ಹುಡುಕಬೇಕಾಗಿದೆ, ಮಾತನಾಡುವ ಅಜ್ಜ ಅಜ್ಜಿಯರು ಕಡಿಮೆಯಾಗಿದ್ದಾರೆ. ಮನೆ ಬಿಟ್ಟದ್ದನ್ನು ಕಾನೂನು ಹಿಂದಕ್ಕೆ ತರುವುದು ಎಷ್ಟು ಕಷ್ಟವೆಂಬುದಕ್ಕೆ ಇದೇ ಸಾಕ್ಷಿ.

ನಮಗೂ ಲೆಕ್ಕ ಉಂಟು. 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಪ್ರಾಥಮಿಕ ಹಂತದಲ್ಲಿ ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ನೇಮಿಸಬೇಕೆಂದು ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಕೊಡುವ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಆದರೆ ನಮ್ಮ ಕೇರಳದಲ್ಲಿ ಅಧ್ಯಾಪಕರ ಹುದ್ದೆ ನಿಲ್ಲುವುದೂ ಬೀಳುವುದೂ ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ. ಆ ದಿನ ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಹೋಗಬಹುದು, ಡಿವಿಷನ್ ಹೋದರೆ ಅಧ್ಯಾಪಕರು ಹೋಗುತ್ತಾರೆ. ಅಧ್ಯಾಪಕರಿಲ್ಲವೆಂದು ಮರುವರ್ಷ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಹೊಸೂರು, ತಾಳವಾಡಿ, ಜತ್ತ, ಅಕ್ಕಲಕೋಟೆ, ಆದೋನಿಯ ಬಂಧುಗಳಿಗೆ ನಿಯಮ ಬೇರೆ ಇರಬಹುದು, ಮಕ್ಕಳ ಲೆಕ್ಕ ಮಾತ್ರ ಅಲ್ಲಿಯೂ ತಪ್ಪಿದ್ದಲ್ಲ.

ಆದ್ದರಿಂದ ತಮ್ಮಲ್ಲಿ ಮೂರು ಕೋರಿಕೆಗಳು. ಒಂದನೆಯದಾಗಿ, ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವ ಮನಸ್ಸಿದ್ದವರು ಆರನೆಯ ದಿನಕ್ಕೆ ಮೊದಲೇ ಬಂದು ಸೇರಿಸಿ. ಅರ್ಜಿಯಲ್ಲಿ ಮಾಧ್ಯಮದ ಕಡೆ ಕನ್ನಡವೆಂದು ತಾವೇ ನೋಡಿ ಬರೆಸಿ. ಎರಡನೆಯದಾಗಿ, ತುಳು, ಕೊಂಕಣಿ, ಬ್ಯಾರಿ, ಮರಾಟಿ, ಮಲಯಾಳ, ಮನೆಯಲ್ಲಿ ಯಾವ ಮಾತಿದೆಯೋ ಅದನ್ನು ಬಿಡಬೇಡಿ. ಅದರ ಜೊತೆಗೆ ರಾತ್ರಿ ಅರ್ಧ ಗಂಟೆ ಮಗು ಗಟ್ಟಿಯಾಗಿ ಕನ್ನಡ ಓದಲಿ, ಮನೆಯವರು ಯಾರಾದರೂ ಕುಳಿತು ಕೇಳಲಿ. ಮೂರನೆಯದಾಗಿ, ಇಂಗ್ಲಿಷ್ ಮತ್ತು ಮಲಯಾಳವನ್ನು ಚೆನ್ನಾಗಿ ಕಲಿಸಿರೆಂದು ನಮ್ಮನ್ನು ಬಿಡದೆ ಕೇಳಿ. ಅದು ತಮ್ಮ ಹಕ್ಕು, ಕಲಿಸುವುದು ನಮ್ಮ ಕೆಲಸ.

ಕಿರುನಾದ ಆ ತಾಯಿಗೆ ಇನ್ನು ಮೂರು ಮಕ್ಕಳು ಸಿಕ್ಕಿದ್ದರೆ ಸಾಕಿತ್ತು. ನಮ್ಮ ಸುತ್ತ ಮಕ್ಕಳಿದ್ದಾರೆ, ಶಾಲೆ ಇದೆ, ಅಧ್ಯಾಪಕರಿದ್ದಾರೆ. ಉಳಿದದ್ದು ತಮ್ಮ ತೀರ್ಮಾನ. ನಾಳೆಯಿಂದ ನಾವು ಅಧ್ಯಾಪಕರು ಮನೆಮನೆಗೆ ಬರುತ್ತೇವೆ; ಅಂಗಳದಲ್ಲಿ ಕುಳಿತು ಮಾತಾಡೋಣ.