ಬಿಚ್ಚಿ ನೋಡಿದ ಪ್ರತಿ



ಬೈಲಹೊಂಗಲದ ಪೇಟೆಯ ಹತ್ತಿ ವ್ಯಾಪಾರದ ಲೆಕ್ಕ ಈಗ ಕೀರ್ದಿ ಪುಸ್ತಕ ಬಿಟ್ಟು ಟ್ಯಾಲಿ ತಂತ್ರಾಂಶಕ್ಕೆ ಬಂದಿದೆ. ಕಂಪ್ಯೂಟರ್ ಕೈಕೊಟ್ಟ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: 'ಬ್ಯಾಕಪ್ ಆನ್ ಇತ್ತಲ್ಲ!' ಇತ್ತು, ನಿಜ. ಆದರೆ ವಿಂಡೋಸ್‌ನ ಬ್ಯಾಕಪ್ ಸೌಲಭ್ಯವಾದ ಫೈಲ್ ಹಿಸ್ಟರಿ ತಾನಾಗಿ ಕಾಯುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಕೆಲವೇ ಫೋಲ್ಡರ್‌ಗಳನ್ನು. ಲೆಕ್ಕದ ಫೋಲ್ಡರ್ ಬೇರೆಡೆ ಇದ್ದರೆ ಅದು ಹೊರಗೇ ಉಳಿಯಿತು. ಬ್ರೌಸರಿನ ಬುಕ್‌ಮಾರ್ಕು, ಹಲವು ತಂತ್ರಾಂಶಗಳ ಸೆಟ್ಟಿಂಗು ಇರುವ 'ಆಪ್‌ಡೇಟಾ' ಫೋಲ್ಡರಂತೂ ಕಣ್ಣಿಗೇ ಬೀಳದು. ನಾವು ಅಪ್ಪಿತಪ್ಪಿ ಅಳಿಸದಿರಲೆಂದು ವಿಂಡೋಸ್ ಮುಚ್ಚಿಟ್ಟದ್ದು, ಬೇಕಾದಾಗ ನಮಗೇ ಸಿಗದು.

ಪ್ರತಿ ಇಟ್ಟು ಕಾಯುವುದು ನಮಗೆ ಹೊಸದಲ್ಲ. ಕಲ್ಯಾಣದಿಂದ ಉಳವಿಗೆ ನಡೆದ ಶರಣರು ನಮ್ಮ ಕಿತ್ತೂರು ಸೀಮೆಯ ಕಾದರವಳ್ಳಿ ದಾಟಿ ಹೋದರೆಂದು ಹಿರಿಯರು ಹೇಳುತ್ತಾರೆ. ಅವರ ವಚನಗಳು ಬದುಕಿದ್ದು ಒಂದೇ ಕಟ್ಟನ್ನು ನಂಬಿದ್ದರಿಂದಲ್ಲ. ಮಠಗಳಲ್ಲಿ, ಮನೆಗಳಲ್ಲಿ ಪ್ರತಿ ಮಾಡಿಟ್ಟ ಓಲೆಗರಿಗಳಿಂದ. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಅಂಥ ಕಟ್ಟುಗಳನ್ನು ಫ.ಗು. ಹಳಕಟ್ಟಿಯವರು ಹುಡುಕಿದರು, ಬಿಚ್ಚಿ ಓದಿದರು, 1923ರಲ್ಲಿ 'ವಚನಶಾಸ್ತ್ರಸಾರ'ವಾಗಿ ಅಚ್ಚು ಹಾಕಿಸಿದರು. ಇಟ್ಟವರಷ್ಟೇ ಬಿಚ್ಚಿ ನೋಡಿದವರೂ ದೊಡ್ಡವರು.

ಇಂದು ಒಂದರ್ಧ ತಾಸು ಬಿಡುವು ಮಾಡಿಕೊಳ್ಳಿ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿ, ನಿಮ್ಮ ಲೆಕ್ಕ, ಫೋಟೋ, ಪತ್ರ ಎಲ್ಲಿವೆ ಎಂದು ತಿಳಿದುಕೊಳ್ಳಿ. ಒಂದು ಪ್ರತಿ ಹೊರಗಿನ ಡ್ರೈವಿನಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ. ಆಮೇಲೆ ಅದರಿಂದ ಒಂದು ಫೈಲನ್ನಾದರೂ ಮರಳಿ ತೆಗೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಮಾತ್ರ ನಂಬಬೇಡಿ.