ಮಕ್ಕಳಿಲ್ಲದ ಶಾಲೆಯ ಉಪಾಧ್ಯಾಯರು
(ಬಾನುಲಿ ಭಾಷಣ)

ಬೇಸಿಗೆಯ ರಜೆಯಲ್ಲಿ ಕಾಗದಪತ್ರದ ಕೆಲಸಕ್ಕೆಂದು ಶಾಲೆಗೆ ಹೋದ ಉಪಾಧ್ಯಾಯರಿಗೆಲ್ಲ ಒಂದು ಅನುಭವ ಆಗಿರುತ್ತದೆ. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಬೆಂಚುಗಳಿವೆ, ಕರಿಹಲಗೆಯಿದೆ, ಗೋಡೆಯ ಮೇಲೆ ಭೂಪಟವಿದೆ. ಆದರೂ ಅದು ಶಾಲೆಯೆನಿಸುವುದಿಲ್ಲ. ನಮ್ಮ ಹೆಜ್ಜೆಯ ಸಪ್ಪಳವೇ ನಮ್ಮನ್ನು ಹಿಂಬಾಲಿಸುತ್ತದೆ. ನಾನು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ಆ ನಿಶ್ಶಬ್ದವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ನನ್ನಿಂದ ಎಂದೂ ತಡೆದುಕೊಳ್ಳಲಾಗಲಿಲ್ಲ. ಅಮೆರಿಕದ ಒಂದು ಊರಿನಲ್ಲಿ ಉಪಾಧ್ಯಾಯರು ಅಂಥ ನಿಶ್ಶಬ್ದದೊಳಗೆ ಒಂದು ಇಡೀ ಶಾಲಾವರ್ಷವನ್ನು ಕಳೆದರು. ಊರು ಲಿಟ್ಲ್ ರಾಕ್, ಅರ್ಕನ್ಸಾ ಸಂಸ್ಥಾನದ ರಾಜಧಾನಿ. ವರ್ಷ 1958-59. ಆ ಊರಿನವರು ಇಂದಿಗೂ ಅದನ್ನು ‘ಕಳೆದುಹೋದ ವರ್ಷ’ವೆಂದೇ ಕರೆಯುತ್ತಾರೆ.

ಅದರ ಹಿಂದಿನ ವರ್ಷದ ಕಥೆ ಬಹುಮಂದಿಗೆ ಗೊತ್ತು. ಒಂಬತ್ತು ಮಂದಿ ಕರಿಯ ಮಕ್ಕಳು, ಅವರನ್ನು ತಡೆಯಲು ನಿಂತ ರಾಜ್ಯಪಾಲ, ಅವರನ್ನು ಒಳಗೆ ಕರೆದೊಯ್ಯಲು ಬಂದ ಸೈನ್ಯ. ಚಿತ್ರಗಳೂ ನಮ್ಮ ಕಣ್ಣ ಮುಂದಿವೆ. ಆದರೆ ಆ ಚಿತ್ರಗಳೆಲ್ಲ ಶಾಲೆಯ ಬಾಗಿಲಿನ ಹೊರಗೆ ತೆಗೆದವು. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಯಿತು, ಹಾಜರಿ ಕೂಗಿದವರು ಯಾರು, ಅವರು ಏನನ್ನು ನೋಡಿದರು, ಏನನ್ನು ನೋಡಲಿಲ್ಲ ಎಂಬುದೇ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ಲಿಟ್ಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲು 1927ರಲ್ಲಿ ತೆರೆಯಿತು. ಹದಿನೈದು ಲಕ್ಷ ಡಾಲರು ಖರ್ಚಾಗಿದ್ದ ಆ ಕಟ್ಟಡ ಅಮೆರಿಕದ ಅತ್ಯಂತ ಸುಂದರ ಪ್ರೌಢಶಾಲೆಯೆಂದು ಹೊಗಳಿಸಿಕೊಂಡಿತು. ಮುಂಬಾಗಿಲ ಮೇಲೆ ನಾಲ್ಕು ಪ್ರತಿಮೆಗಳಿವೆ: ಹಂಬಲ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. ಎರಡು ವರ್ಷದ ನಂತರ ಅದೇ ಊರಿನಲ್ಲಿ ಕರಿಯ ಮಕ್ಕಳಿಗೆಂದು ಡನ್‌ಬಾರ್ ಶಾಲೆಯನ್ನು ಕಟ್ಟಿದಾಗ ಆದ ಖರ್ಚು ಸುಮಾರು ನಾಲ್ಕು ಲಕ್ಷ. ಅವಕಾಶದೇವಿಯ ಬೆಲೆಯೂ ಬೀದಿಯಿಂದ ಬೀದಿಗೆ ಬೇರೆಯಾಗಿತ್ತೆಂದು ಕಾಣುತ್ತದೆ.

ಇಲ್ಲಿ ಒಂದೆರಡು ವಿಷಯಗಳನ್ನು ವಿವರಿಸಬೇಕು. ಅವಿಲ್ಲದೆ ಮುಂದಿನದು ಅರ್ಥವಾಗದು. ನಮ್ಮಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಶುಲ್ಕ ಕೊಟ್ಟು ಓದುವ ದೊಡ್ಡವರ ಮಕ್ಕಳ ಶಾಲೆ ಎಂದು ತಿಳಿಯುವ ವಾಡಿಕೆ. ಅಮೆರಿಕದಲ್ಲಿ ಅದು ತೆರಿಗೆಯ ಹಣದಿಂದ ನಡೆಯುವ, ಊರಿನ ಮಕ್ಕಳಿಗೆ ಶುಲ್ಕವಿಲ್ಲದ ಶಾಲೆ. ಅದನ್ನು ನಡೆಸುವುದು ಊರವರೇ ಮತ ಹಾಕಿ ಆರಿಸಿದ ಶಾಲಾಮಂಡಳಿ. ಲಿಟ್ಲ್ ರಾಕ್‌ನ ಉಪಾಧ್ಯಾಯರನ್ನು ನೇಮಿಸುತ್ತಿದ್ದುದೂ ಆ ಮಂಡಳಿಯೇ. ಒಪ್ಪಂದ ವರ್ಷ ವರ್ಷವೂ ಹೊಸದಾಗಬೇಕು. ಅಂದರೆ ಮೇಷ್ಟರ ಅನ್ನದ ತಟ್ಟೆ ನೆರೆಮನೆಯವರ ಮತದ ಮೇಲೆ ನಿಂತಿತ್ತು.

ಇನ್ನೊಂದು ವಿಷಯ. ನಮ್ಮ ಶಾಲೆಗಳಲ್ಲಿ ಗಂಟೆ ಬಾರಿಸಿದರೆ ಮೇಷ್ಟರು ಒಂದು ತರಗತಿಯಿಂದ ಇನ್ನೊಂದಕ್ಕೆ ನಡೆಯುತ್ತಾರೆ, ಮಕ್ಕಳು ಕೂತಲ್ಲೇ ಕೂತಿರುತ್ತಾರೆ. ಅಲ್ಲಿ ಮೇಷ್ಟರು ತಮ್ಮ ಕೊಠಡಿಯಲ್ಲೇ ಇರುತ್ತಾರೆ, ಮಕ್ಕಳು ಓಡಾಡುತ್ತಾರೆ. ಗಂಟೆ ಬಾರಿಸಿದೊಡನೆ ಸುಮಾರು ಎರಡು ಸಾವಿರ ಮಕ್ಕಳು ಒಮ್ಮೆಗೇ ಹಜಾರಗಳಿಗೆ ಇಳಿಯುವುದನ್ನು ಊಹಿಸಿಕೊಳ್ಳಿ. ಆ ಎರಡು ಸಾವಿರದಲ್ಲಿ ಒಂಬತ್ತು ಮಂದಿ.

ಕಪ್ಪು-ಬಿಳುಪು ಶಾಲೆಗಳ ಬೇರ್ಪಡೆ ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರ ಮೇ 17ರಂದು ತೀರ್ಪಿತ್ತಿತು. ಮೂರು ವರ್ಷದ ಬಳಿಕ, 1957ರ ಸೆಪ್ಟೆಂಬರಿನಲ್ಲಿ, ಆ ಒಂಬತ್ತು ಮಕ್ಕಳು ಸೆಂಟ್ರಲ್ ಶಾಲೆಗೆ ಬಂದಾಗ ರಾಜ್ಯಪಾಲ ಆರ್ವಲ್ ಫಾಬಸ್ ಸಂಸ್ಥಾನದ ಕಾವಲುಪಡೆಯನ್ನು ಅಡ್ಡ ನಿಲ್ಲಿಸಿದರು. ಅಲ್ಲಿನ ರಾಜ್ಯಪಾಲರು ನಮ್ಮವರಂತೆ ನೇಮಕಗೊಂಡವರಲ್ಲ. ಮತ ಪಡೆದು ಆಳುವವರು, ನಮ್ಮ ಮುಖ್ಯಮಂತ್ರಿಗಳ ಹಾಗೆ. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಬೇಕಾಯಿತು. ಸೆಪ್ಟೆಂಬರ್ 25ರಂದು ಮಕ್ಕಳು ಮುಂಬಾಗಿಲಿನಿಂದ ಒಳಗೆ ಹೋದರು.

ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬ ಸೈನಿಕ ಕಾವಲು. ಆದರೆ ಸೈನಿಕ ತರಗತಿಯೊಳಗೆ ಬರುವಂತಿಲ್ಲ, ಶೌಚಾಲಯಕ್ಕೆ ಬರುವಂತಿಲ್ಲ, ವ್ಯಾಯಾಮಕ್ಕೆ ಬಟ್ಟೆ ಬದಲಿಸುವ ಕೋಣೆಗೆ ಬರುವಂತಿಲ್ಲ. ಸೈನ್ಯದ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಮುಂದೆ ಉಪಾಧ್ಯಾಯರ ಕಣ್ಣು ಬೇಕು. ಆ ಕಣ್ಣಿನ ವಿಷಯದಲ್ಲೇ ಶಾಲೆ ಒಂದು ನಿಯಮ ಮಾಡಿತು: ದೊಡ್ಡವರೊಬ್ಬರು ಕಣ್ಣಾರೆ ಕಂಡಿದ್ದರೆ ಮಾತ್ರ ತಪ್ಪಿತಸ್ಥನಿಗೆ ಶಿಕ್ಷೆ. ನೋಡಲು ಎಷ್ಟು ನ್ಯಾಯವಾದ ನಿಯಮ! ಮಕ್ಕಳ ಮಾತನ್ನೇ ನಂಬಿ ಶಿಕ್ಷಿಸಲಾದೀತೆ? ಆದರೆ ತುಂಬಿದ ಹಜಾರದಲ್ಲಿ ಹಿಂದಿನಿಂದ ಒದ್ದವನನ್ನು, ಮೆಟ್ಟಿಲ ಮೇಲೆ ನೂಕಿದವನನ್ನು, ಉಗುಳಿದವನನ್ನು ಯಾರು ನೋಡುತ್ತಾರೆ? ನೋಡದಿರುವುದು ಎಷ್ಟು ಸುಲಭವೆಂಬುದು ಮೇಷ್ಟರಾಗಿದ್ದವರಿಗೆ ಗೊತ್ತು. ಕರಿಹಲಗೆಯ ಕಡೆಗೆ ತಿರುಗಿಕೊಂಡರೆ ಸಾಕು. ನಾನೂ ತಿರುಗಿಕೊಂಡಿದ್ದೇನೆ. ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ಉಳಿದವರು ಯಾವ ಹೆಸರಿನಿಂದ ಕರೆಯುತ್ತಿದ್ದರೆಂಬುದು ನನ್ನ ಕಿವಿಗೆ ಬಿದ್ದಿತ್ತು. ಬೀಳಲಿಲ್ಲವೆಂದುಕೊಂಡು ಪಾಠ ಮುಂದುವರಿಸಿದೆ. ಅದನ್ನು ಇಲ್ಲಿ ಹೇಳದೆ ಲಿಟ್ಲ್ ರಾಕ್‌ನ ಉಪಾಧ್ಯಾಯರ ಬಗ್ಗೆ ಮಾತನಾಡುವ ಹಕ್ಕು ನನಗಿಲ್ಲ.

ಆ ಶಾಲೆಯಲ್ಲಿ ಹುಡುಗಿಯರ ಹೊಣೆ ಹೊತ್ತಿದ್ದ ಉಪಪ್ರಾಂಶುಪಾಲೆ ಎಲಿಜಬೆತ್ ಹಕ್ಕಬಿ. ಇಂಗ್ಲಿಷ್ ಕಲಿಸುತ್ತಿದ್ದವರು. ಆ ವರ್ಷದ ಅನುಭವವನ್ನು ಅವರು ಪುಸ್ತಕವಾಗಿ 1980ರಲ್ಲಿ ಪ್ರಕಟಿಸಿದರು. ಆಕೆ ಕ್ರಾಂತಿಕಾರಿಣಿಯಲ್ಲ. ನ್ಯಾಯಾಲಯ ಹೇಳಿದೆ, ಮಕ್ಕಳು ಬಂದಿದ್ದಾರೆ, ಬಂದವರು ಓದಬೇಕು ಎನ್ನುವಷ್ಟೇ ಆಕೆಯ ನಿಲುವು. ಇಂಥ ದಿನ, ಇಂಥ ಹುಡುಗಿ, ಇಂಥ ಹಜಾರ ಎಂದು ದೂರುಗಳನ್ನು ಬರೆದಿಟ್ಟುಕೊಂಡರು. ಅವರ ಕೈಯಲ್ಲಿ ಎಷ್ಟೋ ದೂರುಗಳಿಗೆ ಪರಿಹಾರವಾಗಲಿಲ್ಲ. ಆದರೆ ಬರೆದಿಟ್ಟರು. ಗುಮಾಸ್ತೆಯ ಕೆಲಸವೆಂದು ಅದನ್ನು ಹಗುರಾಗಿ ಕಾಣಬಾರದು; ಏನೂ ಆಗುತ್ತಿಲ್ಲವೆಂದು ಎಲ್ಲರೂ ಹೇಳುವ ಊರಿನಲ್ಲಿ ತಾರೀಖು ಹಾಕಿ ಬರೆಯುವ ಕೈ ಸಣ್ಣದಲ್ಲ.

ಒಂಬತ್ತು ಮಂದಿಗೆ ಪಾಠದ ಹೊರತು ಬೇರೆ ಯಾವುದರಲ್ಲೂ ಭಾಗವಿರಲಿಲ್ಲ. ಆಟವಿಲ್ಲ, ಗಾನಗೋಷ್ಠಿಯಿಲ್ಲ, ವಾದ್ಯವೃಂದವಿಲ್ಲ. ಅರ್ನೆಸ್ಟ್ ಗ್ರೀನ್ ಹಳೆಯ ಶಾಲೆಯಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು. ಇಲ್ಲಿ ಅದನ್ನು ಮನೆಯಲ್ಲಿಡಬೇಕಾಯಿತು. ಆದರೂ ಒಳ್ಳೆಯ ಗಳಿಗೆಗಳು ಇರಲೇ ಇಲ್ಲವೆಂದಲ್ಲ. ಎಲಿಜಬೆತ್ ಎಕ್‌ಫರ್ಡ್ ಎಂಬ ಹುಡುಗಿಗೆ ದಿನದ ಕೊನೆಯ ಪಾಠ ಭಾಷಣಕಲೆ. ಅಲ್ಲಿ ಇಬ್ಬರು ಬಿಳಿಯ ವಿದ್ಯಾರ್ಥಿಗಳು ಅವಳನ್ನು ಸಹಪಾಠಿಯಂತೆ ಮಾತನಾಡಿಸುತ್ತಿದ್ದರು. ಅದೊಂದು ಪಾಠಕ್ಕಾಗಿ ತಾನು ದಿನವೆಲ್ಲ ಕಾಯುತ್ತಿದ್ದುದನ್ನು ಅವಳು ಮುಂದೆ ನೆನೆದಿದ್ದಾಳೆ.

ಡಿಸೆಂಬರಿನಲ್ಲಿ ಊಟದ ಮನೆಯ ಪ್ರಸಂಗ ನಡೆಯಿತು. ಮಿನಿಜಿನ್ ಬ್ರೌನ್ ತಟ್ಟೆ ಹಿಡಿದು ನಡೆಯುವಾಗ ಹುಡುಗರು ಕುರ್ಚಿಗಳನ್ನು ಅಡ್ಡ ತಳ್ಳಿದರು. ತಟ್ಟೆಯಲ್ಲಿದ್ದ ಚಿಲಿ ಎಂಬ ಬಿಸಿಸಾರು ಅವರ ತಲೆಯ ಮೇಲೆ ಬಿತ್ತು. ಕ್ಷಣಕಾಲ ಎಲ್ಲೆಡೆ ಮೌನ. ಅನಂತರ ಅಡುಗೆಮನೆಯ ಕರಿಯ ಕೆಲಸಗಾರರು ಚಪ್ಪಾಳೆ ತಟ್ಟಿದರು. ಈ ಸಲ ದೊಡ್ಡವರು ಕಣ್ಣಾರೆ ಕಂಡಿದ್ದರು! ಹುಡುಗಿಯನ್ನು ಆರು ದಿನ ಹೊರಗಿಟ್ಟರು. ಫೆಬ್ರವರಿಯಲ್ಲಿ ಮತ್ತೊಂದು ಜಗಳದ ಬಳಿಕ ಶಾಲೆಯಿಂದಲೇ ತೆಗೆದುಹಾಕಿದರು. ‘ಒಂದು ಹೋಯಿತು, ಇನ್ನು ಎಂಟು’ ಎಂದು ಅಚ್ಚು ಹಾಕಿಸಿದ ಚೀಟಿಗಳು ಶಾಲೆಯೊಳಗೆ ಓಡಾಡಿದವು.

ಮೇ ತಿಂಗಳ 27ರಂದು ಪದವಿ ಪ್ರದಾನ. ಆರುನೂರಕ್ಕೂ ಹೆಚ್ಚು ಮಂದಿಯಲ್ಲಿ ಅರ್ನೆಸ್ಟ್ ಗ್ರೀನ್ ಒಬ್ಬನೇ ಕರಿಯ. ಸಭೆಯಲ್ಲಿ ಅವನ ಮನೆಯವರೊಡನೆ ಮಾರ್ಟಿನ್ ಲೂಥರ್ ಕಿಂಗ್ ಕುಳಿತಿದ್ದರು. ಪ್ರತಿಯೊಬ್ಬರ ಹೆಸರಿಗೂ ಕರತಾಡನವಾಗುತ್ತಿತ್ತು. ಇವನ ಹೆಸರು ಬಂದಾಗ ಯಾರೂ ಕೈ ತಟ್ಟಲಿಲ್ಲ. ಅವನು ನಡೆದು ಹೋಗಿ ಪ್ರಮಾಣಪತ್ರ ತೆಗೆದುಕೊಂಡ.

ಇನ್ನು ಖಾಲಿ ವರ್ಷಕ್ಕೆ ಬರೋಣ. 1958ರ ಸೆಪ್ಟೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ, ಏಕೀಕರಣವನ್ನು ಮುಂದೂಡಬಾರದೆಂದು ಹೇಳಿತು. ಫಾಬಸ್ ಊರಿನ ನಾಲ್ಕೂ ಪ್ರೌಢಶಾಲೆಗಳನ್ನು ಮುಚ್ಚಿಸಿದರು. ಅವುಗಳಲ್ಲಿ ಕರಿಯರ ಶಾಲೆಯೂ ಸೇರಿತ್ತು. ಆ ತಿಂಗಳು 27ರಂದು ಜನಮತ ಕೇಳಿದರು. ಊರಿನ ಎಲ್ಲ ಶಾಲೆಗಳಲ್ಲೂ ಎರಡು ಬಣ್ಣದ ಮಕ್ಕಳು ಒಟ್ಟಿಗೆ ಓದುವುದು ಬೇಡವೆಂದವರು 19,470. ಆಗಲಿ ಎಂದವರು 7,561. ಬೀದಿಗೆ ಬಿದ್ದ ವಿದ್ಯಾರ್ಥಿಗಳು 3,665. ಬಿಳಿಯ ಮಕ್ಕಳಲ್ಲಿ ಬಹುತೇಕರು ಖಾಸಗಿ ಶಾಲೆಗೋ ನೆಂಟರ ಊರಿಗೋ ಹೋದರು. ಕರಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ವರ್ಷ ಯಾವ ಶಾಲೆಯೂ ಸಿಗಲಿಲ್ಲ. ಪಾಠ ನಿಂತರೂ ಫುಟ್‌ಬಾಲ್ ಪಂದ್ಯಗಳು ಮಾತ್ರ ನಿಲ್ಲಲಿಲ್ಲ. ಇದನ್ನು ಓದಿದಾಗ ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ.

ಉಪಾಧ್ಯಾಯರಿಗೆ ಒಪ್ಪಂದವಿತ್ತು. ಆದ್ದರಿಂದ ಅವರು ಬರಲೇಬೇಕು. ದಿನವೂ ಬಂದರು. ಮೊದಮೊದಲು ಕೆಲವರು ಟೆಲಿವಿಷನ್ನಿನಲ್ಲಿ ಪಾಠ ಹೇಳಿದರು. ಅದು ಬಹುಕಾಲ ನಡೆಯಲಿಲ್ಲ. ಕೆಳಗಿನ ಶಾಲೆಗಳಲ್ಲಿ ಯಾರಾದರೂ ರಜೆ ಹಾಕಿದರೆ ಬದಲಿಗೆ ಹೋದರು. ಉಳಿದ ಹೊತ್ತು ಖಾಲಿ ಕೊಠಡಿ, ಸಂಬಳ, ಗಡಿಯಾರ. ಕೆಲಸ ಮಾಡದೆ ಸಂಬಳ ತೆಗೆದುಕೊಳ್ಳುವುದು ಸುಖವೆಂದು ಯಾರಾದರೂ ಭಾವಿಸಿದ್ದರೆ ಅವರು ಎಂದೂ ಮೇಷ್ಟರಾಗಿರಲಿಕ್ಕಿಲ್ಲ.

ಇದರ ಜೊತೆಗೆ ಹೊಸ ಕಾನೂನೊಂದು ಬಂತು. ಹಿಂದಿನ ಐದು ವರ್ಷಗಳಲ್ಲಿ ತಾವು ಸೇರಿದ್ದ, ತಪ್ಪದೆ ಚಂದಾ ಕೊಟ್ಟಿದ್ದ ಸಂಘಸಂಸ್ಥೆಗಳ ಪಟ್ಟಿಯನ್ನೆಲ್ಲ ಉಪಾಧ್ಯಾಯರು ಪ್ರಮಾಣ ಮಾಡಿ ಬರೆದುಕೊಡಬೇಕು. ಕರಿಯರ ಹಕ್ಕಿಗಾಗಿ ಹೋರಾಡುವ ಸಂಘದಲ್ಲಿ ಯಾರಿದ್ದಾರೆಂದು ತಿಳಿಯುವುದಕ್ಕೆ ಅದೊಂದು ಬಲೆ. ಇಪ್ಪತ್ತೈದು ವರ್ಷ ಆ ಊರಿನ ಶಾಲೆಗಳಲ್ಲಿ ಕಲಿಸಿದ್ದ ಬಿ. ಟಿ. ಶೆಲ್ಟನ್ ಎಂಬ ಉಪಾಧ್ಯಾಯರು ಬರೆದುಕೊಡಲಿಲ್ಲ. ಅವರ ಒಪ್ಪಂದ ಹೊಸದಾಗಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 1960ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ ಆ ಕಾನೂನನ್ನು ತಳ್ಳಿಹಾಕಿತು. ನಾಲ್ವರು ನ್ಯಾಯಾಧೀಶರಿಗೆ ಅದರಲ್ಲಿ ಅಂಥ ತಪ್ಪು ಕಾಣಲಿಲ್ಲವೆಂಬುದನ್ನೂ ನೆನಪಿಡಬೇಕು.

1959ರ ಮೇ 5ರಂದು ಶಾಲಾಮಂಡಳಿಯ ಸಭೆ. ಸದಸ್ಯರು ಆರು ಮಂದಿ, ಮೂವರು ಈ ಕಡೆ, ಮೂವರು ಆ ಕಡೆ. ಮಾತು ಬೆಳೆದು, ಸೌಮ್ಯವಾದಿಗಳಾದ ಮೂವರು ಎದ್ದು ಹೊರಗೆ ನಡೆದರು. ಉಳಿದ ಮೂವರು ತಾವೇ ಸಭೆಯೆಂದುಕೊಂಡು ನಲವತ್ತನಾಲ್ಕು ಮಂದಿಯ ಒಪ್ಪಂದವನ್ನು ಹೊಸದು ಮಾಡಬಾರದೆಂದು ತೀರ್ಮಾನಿಸಿದರು. ವಿಚಾರಣೆಯಿಲ್ಲ, ಸಮಜಾಯಿಷಿ ಕೇಳಲಿಲ್ಲ. ಪಟ್ಟಿಯಲ್ಲಿ ಹಕ್ಕಬಿಯವರ ಹೆಸರೂ ಇತ್ತು.

ಇಲ್ಲಿ ಊರು ತಿರುಗಿತು. ಎಂಟು ತಿಂಗಳ ಹಿಂದೆ ಬೇಡವೆಂದು ಮತ ಹಾಕಿದ್ದ ಊರೇ ಅದು. ಒಂಬತ್ತು ಮಕ್ಕಳ ಗೋಳು ಕರಗಿಸದ ಮನಸ್ಸನ್ನು ತಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರ ಹೆಸರುಗಳು ಕರಗಿಸಿದವು. ಇದರಲ್ಲಿ ಸಂತೋಷಪಡುವುದೆಷ್ಟು, ನಾಚುವುದೆಷ್ಟು ಎಂಬುದನ್ನು ಕೇಳುಗರೇ ತೂಗಿ ನೋಡಬೇಕು. ಶಾಲೆ ತೆರೆಸಬೇಕೆಂದು ಹಿಂದಿನ ಸೆಪ್ಟೆಂಬರಿನಿಂದಲೇ ದುಡಿಯುತ್ತಿದ್ದ ಹೆಂಗಸರ ಸಮಿತಿಯೊಂದಿತ್ತು. ವ್ಯಾಪಾರಸ್ಥರು ಈಗ ಅವರ ಜೊತೆಗೂಡಿದರು. ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ಆರಿಸಿ ಕಳುಹಿಸಿದವರನ್ನು ನಡುವೆಯೇ ಹಿಂದಕ್ಕೆ ಕರೆಸಿಕೊಳ್ಳುವ ಅಧಿಕಾರ ಅಲ್ಲಿನ ಮತದಾರರಿಗಿತ್ತು. ಮೇ 25ರಂದು ಆ ಮೂವರು ಕಡುವಾದಿಗಳನ್ನು ಇಳಿಸಿದರು. ಮುಂದೆ ಬಂದ ಮಂಡಳಿ ನಲವತ್ತನಾಲ್ಕು ಮಂದಿಯ ಮೇಲಿನ ತೀರ್ಮಾನವನ್ನು ರದ್ದುಮಾಡಿತು. ಆಗಸ್ಟ್ 12ರಂದು ಶಾಲೆಗಳ ಬಾಗಿಲು ತೆರೆಯಿತು.

ಮೊದಲ ಒಂಬತ್ತು ಮಂದಿಯಲ್ಲಿ ಸೆಂಟ್ರಲ್ ಶಾಲೆಗೆ ಹಿಂದಿರುಗಿ ಅಲ್ಲೇ ಓದು ಮುಗಿಸಿದವರು ಇಬ್ಬರು: ಜೆಫರ್ಸನ್ ಥಾಮಸ್ ಮತ್ತು ಕಾರ್ಲೊಟಾ ವಾಲ್ಸ್. 1960ರ ಫೆಬ್ರವರಿಯ ಒಂದು ರಾತ್ರಿ ಕಾರ್ಲೊಟಾಳ ಮನೆಯ ಬಳಿ ಬಾಂಬು ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಪುಸ್ತಕಗಳನ್ನೆತ್ತಿಕೊಂಡು ಹೊರಟಳು. ಆ ದಿನದ ಹಾಜರಿಯಲ್ಲಿ ಅವಳು ಗೈರುಹಾಜರಾಗಲಿಲ್ಲ.